ಐದು ಸಾಕಿರುವಾಗ ಹನ್ನೆರಡು ಯಾಕೆ

ಓಬಳೇಶ ತನ್ನ ರೇಡಿಯೋ ಕೊಟ್ಟು ಹಿಟ್ಟಿನ ಗಿರಣಿಯ ಹಳೇ ಪುಲ್ಲಿ ತಂದದ್ದು ಒಂದು ಬುಧವಾರ. ವಾರ ನನಗೆ ಖಚಿತವಾಗಿ ನೆನಪಿದೆ. ನನ್ನ ಅನುಮಾನ ಶುರುವಾದದ್ದು ಅಂದೇ.

ನಮ್ಮೂರಿನಿಂದ ರೈಲು ನಿಲ್ದಾಣಕ್ಕೆ ಒಂಬತ್ತು ಕಿಲೋಮೀಟರ್. ನಡುವೆ ಇರುವುದು ಹುಲ್ಲು, ಆಳೆತ್ತರ. ಕತ್ತರಿಸಿದ ಎಂಟು ನಿಮಿಷಕ್ಕೆ ಅದು ಮತ್ತೆ ಆಳೆತ್ತರ ನಿಲ್ಲುತ್ತದೆ. ಅದೇ ದಿನ ಅದೇ ಜಾಗದಲ್ಲಿ ಎರಡನೇ ಸಲ ಕತ್ತರಿಸಿದರೆ ಎರಡೇ ನಿಮಿಷ ಸಾಕು. ಒಳಗೆ ಸಿಕ್ಕಿಕೊಂಡವರಿಗೆ ಕೆಡುಕೇನೂ ಆಗುವುದಿಲ್ಲ. ಮೂರು ದಿನ ಕಳೆದ ಮೇಲೆ ಅವರು ನಮ್ಮೂರ ಕೆರೆಯ ಮೆಟ್ಟಿಲ ಮೇಲೆಯೇ ಬಂದು ನಿಂತಿರುತ್ತಾರೆ. ತಲೆತುಂಬ ಹುಲ್ಲಿನ ಬೀಜ ಇರುತ್ತದೆ, ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಹೋಗಬೇಕಾದ ಕಡೆ ಮಾತ್ರ ಹೋಗಿರುವುದಿಲ್ಲ. ಅದಕ್ಕೇ ನಿಲ್ದಾಣಕ್ಕೆ ಹೊರಡುವವರು ಮೂರು ದಿನದ ರೊಟ್ಟಿ ಕಟ್ಟಿಕೊಂಡು ಹೊರಡುವುದು ನಮ್ಮಲ್ಲಿ ವಾಡಿಕೆ.

ದಾರಿ ಮಾಡುವುದು ಕೊಯ್ಲುಗಾಡಿ. ಊರಲ್ಲಿ ಇರುವುದು ಅದೊಂದೇ. ಒಂದು ಕಾಲದಲ್ಲಿ ಯಾವುದೋ ಸಕ್ಕರೆ ಕಾರ್ಖಾನೆಯ ಅತಿಥಿಗೃಹದ ಅಂಗಳದಲ್ಲಿ ಸಾಹೇಬರು ಮೇಲೆ ಕೂತು ಹುಲ್ಲು ಕತ್ತರಿಸುತ್ತಿದ್ದ ಗಾಡಿ ಅದು. ನಾಲ್ಕು ಸಣ್ಣ ಚಕ್ರ, ಒಂದು ಸ್ಟೀರಿಂಗು, ಒಂದು ಸೀಟು, ಹೊಟ್ಟೆಯಡಿ ತಿರುಗುವ ಬ್ಲೇಡು. ಗುರುವಾರ ಬೆಳಿಗ್ಗೆ ಎಂಟಕ್ಕೆ ಅದು ಹೊರಡುತ್ತದೆ. ಅದಕ್ಕೂ ಮುಂಚೆ ಹೊರಟರೆ ಇಬ್ಬನಿಯ ಹುಲ್ಲು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಜನ ಹಿಂದೆ ಸಾಲಾಗಿ ನಡೆಯುತ್ತಾರೆ. ರಾತ್ರಿ ನಿಲ್ದಾಣದಲ್ಲಿ ತಂಗಿ, ಶುಕ್ರವಾರ ಗಾಡಿ ಹೊರಗಿನಿಂದ ಬಂದವರನ್ನು ಕರೆದುಕೊಂಡು ಮರಳುತ್ತದೆ.

ಸಾಲಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಕೈಗೆ ಹಿತ್ತಾಳೆಯ ಗಂಟೆ ಕೊಡುತ್ತಾರೆ. ಅದನ್ನು ಬಾಲಗಂಟೆ ಅನ್ನುತ್ತೇವೆ. ಅವರು ಹೆಜ್ಜೆಗೊಮ್ಮೆ ಬಾರಿಸುತ್ತ ಕೊನೆಯಲ್ಲಿ ಬರಬೇಕು. ಗಾಡಿ ಓಡಿಸುವವನು ಹಿಂದೆ ತಿರುಗಿ ನೋಡುವಂತಿಲ್ಲ. ಅವನ ಕಣ್ಣು ದೂರದ ನಿಲ್ದಾಣದ ನೀರಿನ ಟ್ಯಾಂಕಿನ ಮೇಲೇ ಇರಬೇಕು. ತಿರುಗಿದರೆ ಗಾಡಿ ವಾಲುತ್ತದೆ, ದಾರಿ ಸೊಟ್ಟಗಾಗುತ್ತದೆ. ಗಂಟೆಯ ಸದ್ದು ಕ್ಷೀಣವಾದರೆ ಅವನು ನಿಧಾನಿಸಬೇಕು. ಆ ಸದ್ದು ಅವನಿಗೆ ಕೇಳಲೆಂದು ದಾರಿಯುದ್ದಕ್ಕೂ ಯಾರೂ ತುಟಿ ಬಿಚ್ಚುವುದಿಲ್ಲ. ನಮ್ಮ ಊರಲ್ಲಿ ಮೂವತ್ತು ಜನ ಒಟ್ಟಿಗೆ ಸುಮ್ಮನಿರುವುದನ್ನು ನೋಡಬೇಕೆಂದರೆ ಗುರುವಾರವೇ ನೋಡಬೇಕು.

ನಾನು ಹೊರಗಿನ ಪತ್ರಿಕೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ಊರಿಗೆ ಮರಳಿದವನು. ಪಂಚಾಯಿತಿ ಕಟ್ಟೆಯ ಕಪ್ಪು ಹಲಗೆಯ ಮೇಲೆ ದಾರಿಯ ವರದಿ ಬರೆಯುವ ಕೆಲಸ ನನಗೆ ಬಂತು. ಹೊರಟ ಹೊತ್ತು, ಮುಟ್ಟಿದ ಹೊತ್ತು, ಎಷ್ಟು ಜನ ಹೋದರು, ಎಷ್ಟು ಜನ ಹುಲ್ಲಿನಲ್ಲಿ ಉಳಿದರು. ಅದಕ್ಕಾಗಿ ಕೈಗಡಿಯಾರ, ನೋಟ್‌ಬುಕ್ ಹಿಡಿದು ಗಾಡಿಯ ಎಡಮಗ್ಗುಲಲ್ಲೇ ನಡೆಯುತ್ತಿದ್ದೆ.

ಆ ವರ್ಷ ರೈಲಿನ ಹೊತ್ತು ಬದಲಾಯಿತು. ಹನ್ನೆರಡು ನಲವತ್ತಕ್ಕೆ ಬರುತ್ತಿದ್ದದ್ದು ಹತ್ತು ಹತ್ತಕ್ಕೆ ಬರುತ್ತದೆಂದು ತಿಳಿಯಿತು. ಕೊಯ್ಲುಗಾಡಿಯ ವೇಗ ಗಂಟೆಗೆ ಮೂರೂವರೆ ಕಿಲೋಮೀಟರ್. ಅಂದರೆ ನಾವು ಮುಟ್ಟುವ ಹೊತ್ತಿಗೆ ರೈಲು ಹೋಗಿ ಇಪ್ಪತ್ತನಾಲ್ಕು ನಿಮಿಷ ಆಗಿರುತ್ತದೆ. ಪಂಚಾಯಿತಿ ಅಧ್ಯಕ್ಷೆ ಶಾಂತವೀರಮ್ಮ ಸಭೆ ಕರೆದರು. ನಾನು ಹಲಗೆಯ ಮೇಲೆ ಭಾಗಾಕಾರ ಮಾಡಿ ತೋರಿಸಿದೆ: ಗಂಟೆಗೆ ಐದು ಕಿಲೋಮೀಟರ್ ಆದರೆ ಒಂಬತ್ತು ನಲವತ್ತೆಂಟಕ್ಕೆ ಮುಟ್ಟಬಹುದು.

"ಹೊಸ ಗಾಡಿಯ ಮಾತು ಯಾರೂ ಎತ್ತಬೇಡಿ. ಏನೋ ಓಬಳೇಶ, ಇದನ್ನೇ ಐದಕ್ಕೆ ತರ್ತೀಯಾ?" ಎಂದರು ಶಾಂತವೀರಮ್ಮ.

ಓಬಳೇಶ ಆ ಗಾಡಿಯನ್ನು ಹತ್ತೊಂಬತ್ತು ವರ್ಷದಿಂದ ಓಡಿಸುತ್ತಿದ್ದ. ನಲವತ್ತೈದರ ಆಸುಪಾಸು, ಒಂಟಿ ಮನುಷ್ಯ, ಮಾತು ಕಮ್ಮಿ. ಅಧ್ಯಕ್ಷೆಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ತರ್ತೀನಮ್ಮ" ಅಂದ.

ನನ್ನ ಹೆಂಡತಿ ನೀಲಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಎರಡೂ ಕಣ್ಣಿಗೆ ಪೊರೆ. ಎಡಗಣ್ಣು ಆಗಲೇ ಹೋದಂತೆಯೇ. ಜಿಲ್ಲಾ ಆಸ್ಪತ್ರೆಯಲ್ಲಿ ವರ್ಷಕ್ಕೊಂದೇ ದಿನ ಕಣ್ಣಿನ ಶಿಬಿರ. ಈ ಸಲ ಅದು ತಿಂಗಳ ಕೊನೆಯ ಶುಕ್ರವಾರ. ಇನ್ನೊಂದು ವರ್ಷ ಬಿಟ್ಟರೆ ಬಲಗಣ್ಣೂ ಉಳಿಯಲಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹಿಂದಿನ ದಿನದ ರೈಲು ತಪ್ಪಿದರೆ ಎಲ್ಲವೂ ತಪ್ಪಿದ ಹಾಗೆ. ದಾರಿಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವಳೂ ಅವಳೇ, ಬಾಲಗಂಟೆ ಹಿಡಿಯುವವಳೂ ಅವಳೇ. ಆದ್ದರಿಂದ ಓಬಳೇಶ ಗಾಡಿಗೆ ಏನು ಮಾಡುತ್ತಾನೆ ಎಂಬುದನ್ನು ನನ್ನಷ್ಟು ಕಣ್ಣಿಟ್ಟು ನೋಡಿದವರು ಇನ್ನೊಬ್ಬರಿಲ್ಲ.

ಮಾಡಿದ ಕೆಲಸ ಚೊಕ್ಕಟವಾಗಿತ್ತು, ಅದನ್ನು ಹೇಳಲೇಬೇಕು. ಎಂಜಿನ್ನಿನ ಬೆಲ್ಟು ಓಡುವ ಸಣ್ಣ ಪುಲ್ಲಿ ತೆಗೆದು ಗಿರಣಿಯ ದೊಡ್ಡ ಪುಲ್ಲಿ ಹಾಕಿದ. ಎಂಜಿನ್ ಒಂದು ಸುತ್ತು ಸುತ್ತಿದರೆ ಚಕ್ರ ಮೊದಲಿಗಿಂತ ಹೆಚ್ಚು ಸುತ್ತುವ ಹಾಗಾಯಿತು. ಎಂಜಿನ್ನಿನ ಓಟಕ್ಕೆ ಮಿತಿ ಹಾಕುವ ಸ್ಪ್ರಿಂಗನ್ನು ಬಿಗಿ ಮಾಡಿದ. ಮುರಿದ ಆಟೋದ ಚಕ್ರಗಳನ್ನು ಹಿಂದೆ ಕೂರಿಸಿದ. ವೇಗ ಹೆಚ್ಚಿದರೆ ಹುಲ್ಲು ಕತ್ತರಿಸದೆ ಬರೀ ಬಾಗುತ್ತದೆಂದು ಬ್ಲೇಡಿಗೂ ಬೇರೆ ಪುಲ್ಲಿ ಹಾಕಿ ಅದನ್ನೂ ಜೋರಾಗಿ ತಿರುಗುವಂತೆ ಮಾಡಿದ. ಸ್ಕೂಟರಿನ ಬ್ರೇಕನ್ನೂ ಜೋಡಿಸಿದ. ಪಂಚಾಯಿತಿಯಿಂದ ಏನೂ ಕೇಳಲಿಲ್ಲ. ಒಂದೊಂದಕ್ಕೂ ತನ್ನ ಮನೆಯದೇ ಒಂದೊಂದು ಸಾಮಾನು ಕೊಟ್ಟು ತಂದ. ಪುಲ್ಲಿಗೆ ರೇಡಿಯೋ ಹೋಯಿತು, ಬ್ರೇಕಿಗೆ ಅಲಾರಂ ಗಡಿಯಾರ, ಚಕ್ರಕ್ಕೆ ಅಪ್ಪನ ಕಾಲದ ಹಾರ್ಮೋನಿಯಂ.

"ಮನೆ ಖಾಲಿ ಮಾಡ್ತಿದಾನೆ" ಎಂದೆ ನೀಲಮ್ಮನಿಗೆ.

"ಖಾಲಿ ಮಾಡೋನು ಮಂಚ ಕೊಡ್ತಿದ್ದ, ಕಂಬಳಿ ಕೊಡ್ತಿದ್ದ. ಹಾರ್ಮೋನಿ ಯಾಕ್ರೀ ಕೊಡ್ತಾನೆ?"

"ಹೊತ್ಕೊಂಡು ಹೋಗೋಕಾಗಲ್ಲ, ಅದಕ್ಕೆ."

"ನಿಮಗೆ ಪೇಪರಿನವರ ಬುದ್ಧಿ ಬಿಡಲ್ಲ" ಅಂದಳು, ಅಕ್ಕಿಯನ್ನು ಮುಖದ ಹತ್ತಿರ ಹಿಡಿದು ಕಲ್ಲು ಆರಿಸುತ್ತ.

ಶಾಲೆಯ ಬಯಲಲ್ಲಿ ಪರೀಕ್ಷೆ ಇಟ್ಟರು. ಸುಣ್ಣದಲ್ಲಿ ನೂರು ಮೀಟರ್ ಗೆರೆ ಎಳೆದವನು ನಾನೇ. ಹೊಸ ಲಿವರಿಗೆ ಎರಡು ಹಲ್ಲು ಇದ್ದವು. ಮೊದಲ ಹಲ್ಲಿನಲ್ಲಿ ನೂರು ಮೀಟರಿಗೆ ಎಪ್ಪತ್ತೆರಡು ಸೆಕೆಂಡು ಹಿಡಿಯಿತು. ಅಂದರೆ ಗಂಟೆಗೆ ಸರಿಯಾಗಿ ಐದು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವನು ಲಿವರನ್ನು ಎರಡನೇ ಹಲ್ಲಿಗೆ ಎಳೆದ. ಮೂವತ್ತು ಸೆಕೆಂಡು. ಗಂಟೆಗೆ ಹನ್ನೆರಡು. ಚಪ್ಪಾಳೆ ಬೀಳಲಿಲ್ಲ.

ಅವನು ಬಗ್ಗಿ ಬೆಲ್ಟು ಮುಟ್ಟಿ ನೋಡುತ್ತಿದ್ದಾಗ ಹಿಂದಿನಿಂದ ಕೇಳಿದೆ: "ಐದು ಸಾಕಿರುವಾಗ ಹನ್ನೆರಡು ಯಾಕೆ ಓಬಳೇಶ?" ಉತ್ತರವಿಲ್ಲ. ಮತ್ತೆ ಕೇಳಿದೆ. ಕೇಳಿಸದವನ ಹಾಗೆ ಬೆಲ್ಟು ಒರೆಸುತ್ತಲೇ ಇದ್ದ. ಸುತ್ತಿ ಹೋಗಿ ಎದುರು ನಿಂತು ಮೂರನೇ ಸಲ ಕೇಳಿದೆ. ಆಗ ತಲೆ ಎತ್ತಿ, "ಇರ್ಲಿ ಅಣ್ಣ, ಬೇಕಾಗಬಹುದು" ಅಂದ.

ಆಮೇಲೆ ಗಾಡಿಯ ಹಿಂದೆ ಇನ್ನೊಂದು ಸೀಟು ಬಂತು. ಸ್ಕೂಟರಿನದು, ಎರಡು ಬೋಲ್ಟಿನಲ್ಲಿ ಬಿಗಿದದ್ದು, ಮುಖ ಹಿಂದಕ್ಕೆ. ಅದು ಯಾರಿಗೆಂದು ಕೇಳಿದರೆ ಮತ್ತೆ ಅದೇ ಮಾತು: ಬೇಕಾಗಬಹುದು. ನಿಲ್ದಾಣದಲ್ಲಿ ಅವನಿಗೆ ಯಾರೋ ಇದ್ದಾಳೆಂದು ಬಾವಿಕಟ್ಟೆಯಲ್ಲಿ ಮಾತು ಹುಟ್ಟಿತು. ಅದು ನನ್ನ ನೋಟ್‌ಬುಕ್ಕಿಗೆ ಬರಲಿಲ್ಲ. ನೋಡದ್ದನ್ನು ನಾನು ಬರೆಯುವವನಲ್ಲ. ಆದರೆ ನೋಡಿದ್ದೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿತ್ತು. ಮೂರು ವಾರದ ಹಿಂದೆ ನಾನು ಜ್ವರದಿಂದ ಮಲಗಿ, ನೀಲಮ್ಮನೂ ಮನೆಯಲ್ಲೇ ಉಳಿದ ಗುರುವಾರ, ಬಾಲಗಂಟೆ ಹಿಡಿದಿದ್ದ ಗಿರಣಿಯ ಮಾಬೂಸಾಬರು ಹುಲ್ಲಿನಲ್ಲಿ ಉಳಿದಿದ್ದರು. ಗಂಟೆ ಬಾರಿಸಿ ಬಾರಿಸಿ ಕೈ ಸೋತರೂ ಗಾಡಿ ನಿಧಾನಿಸಲಿಲ್ಲವಂತೆ. ಇನ್ನೊಂದು ಸಂಗತಿ: ಇತ್ತೀಚೆಗೆ ಓಬಳೇಶ ದಾರಿಯುದ್ದಕ್ಕೂ ನನ್ನನ್ನು ವಾರೆಗಣ್ಣಲ್ಲಿ ನೋಡುತ್ತಿದ್ದ. ನೂರು ಹೆಜ್ಜೆಗೊಮ್ಮೆ ನೋಡಿ ಮತ್ತೆ ಟ್ಯಾಂಕಿನತ್ತ ತಿರುಗುತ್ತಿದ್ದ. ಮನಸ್ಸಿನಲ್ಲಿ ಏನೂ ಇಲ್ಲದವನು ಹಾಗೆ ನೋಡುವುದಿಲ್ಲ ಎಂದುಕೊಂಡೆ.

ಅವನು ಗಾಡಿ ಸಮೇತ ಹೋಗಿಬಿಟ್ಟರೆ ಊರಿಗೆ ದಾರಿಯೇ ಇಲ್ಲ. ಹನ್ನೆರಡರ ವೇಗದಲ್ಲಿ ಹೋದರೆ ಹಿಂದೆ ಓಡಿ ಹಿಡಿಯಬಲ್ಲ ಕಾಲು ಊರಲ್ಲಿ ಯಾರಿಗೂ ಇರಲಿಲ್ಲ. ಶಿಬಿರದ ಹಿಂದಿನ ಸೋಮವಾರ, ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು ಬರೆದೆ: "ಐದು ಸಾಕಿರುವಾಗ ಹನ್ನೆರಡು ಯಾಕೆ?"

ಸಂಜೆಯೊಳಗೆ ಸಭೆ ಸೇರಿತು. ಎಲ್ಲ ಕಡೆಯಿಂದ ಒಟ್ಟಿಗೆ ಪ್ರಶ್ನೆಗಳು ಬಿದ್ದವು. ಓಬಳೇಶ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಹಾಯಿಸುತ್ತ ಬೆವರುತ್ತಿದ್ದ.

"ಬಿಡ್ರಪ್ಪ ಅವನನ್ನ. ಮೂರು ದಿನ ಹುಲ್ಲಲ್ಲಿದ್ದೋನು ನಾನು. ನನಗಿಲ್ಲದ ಸಿಟ್ಟು ನಿಮಗ್ಯಾಕೆ?" ಎಂದರು ಮಾಬೂಸಾಬರು.

"ನೀವು ಬಿಡಿ ಸಾಬ್ರೆ, ಹೆಂಡತಿ ಕಾಟ ತಪ್ಪಿತು ಅಂತ ಹೊರಗೆ ಬರೋಕೇ ಮನಸ್ಸಿರಲಿಲ್ಲ ನಿಮಗೆ" ಎಂದು ಯಾರೋ ಅಂದರು. ಸಭೆ ನಕ್ಕಿತು. ಓಬಳೇಶ ನಗಲಿಲ್ಲ. ಅದನ್ನೂ ನಾನು ಗುರುತು ಮಾಡಿಕೊಂಡೆ.

ಶಾಂತವೀರಮ್ಮ ತೀರ್ಮಾನ ಹೇಳಿದರು. ಹಿಂದಿನ ಸೀಟು ಕಿತ್ತುಹಾಕಬೇಕು. ಪುಲ್ಲಿ ಬದಲಾಯಿಸಲು ಹೊತ್ತಿಲ್ಲ, ಆದ್ದರಿಂದ ಲಿವರನ್ನು ಮೊದಲ ಹಲ್ಲಿಗೆ ತಂತಿಯಿಂದ ಕಟ್ಟಬೇಕು. ಸೀಟು ಕೀಳುವಾಗ ಓಬಳೇಶ ಒಂದೇ ಸಲ ಬಾಯಿ ತೆರೆದ. "ಅದೊಂದು ಇರಲಿ ಅಮ್ಮ. ಬೇಕಾದರೆ ಹನ್ನೆರಡು ತೆಗೀರಿ, ಸೀಟು ಇರಲಿ." ಅವನು ಸೀಟಿಗಾಗಿ ಬೇಡಿಕೊಂಡದ್ದೇ ಸಾಕಾಯಿತು ನನಗೆ. ತಂತಿ ನಾನೇ ಸುತ್ತಿದೆ, ನಾಲ್ಕು ಸುತ್ತು.

ಗುರುವಾರ ಎಂಟಕ್ಕೆ ಹೊರಟೆವು. ಮೂವತ್ತೊಂದು ಜನ, ಕೆಲವರ ಸೊಂಟದಲ್ಲಿ ಕುಡುಗೋಲು. ನಾನು ಅಂದು ಎಡಮಗ್ಗುಲಲ್ಲಿ ನಡೆಯಲಿಲ್ಲ. ತಂತಿಯ ಮೇಲೆ ಕಣ್ಣಿಡಲೆಂದು ಗಾಡಿಯ ಹಿಂದೆ ನಡೆದೆ. ಹೊರಡುವ ಮೊದಲು ನೀಲಮ್ಮನ ಕೈಗೆ ಗಂಟೆ ಕೊಡುತ್ತ, "ನಾನೂ ಜೊತೆಗೆ ಹಿಂದೆ ಬರ್ಲಾ?" ಅಂದೆ.

"ನೀವು ಮುಂದೆ ಇದ್ದು ಹೊತ್ತು ನೋಡ್ರಿ. ಗಂಟೆ ಇದೆಯಲ್ಲ, ಅವನಿಗೆ ಕೇಳತ್ತೆ" ಅಂದಳು.

ನಾಲ್ಕನೇ ಕಿಲೋಮೀಟರ್ ಕಲ್ಲಿನವರೆಗೆ ಗಂಟೆ ಚೆನ್ನಾಗಿ ಕೇಳುತ್ತಿತ್ತು. ಐದನೇ ಕಲ್ಲು ದಾಟುವಾಗ ಸಣ್ಣಗಾಯಿತು. ಈಗ ನಿಧಾನಿಸುತ್ತಾನೆ ಎಂದುಕೊಂಡೆ. ನಿಧಾನಿಸಲಿಲ್ಲ. ಅವನು ಎಡಕ್ಕೆ, ನಾನು ಇರಬೇಕಾದ ಕಡೆಗೆ ನೋಡಿದ. ಯಾರೂ ಇರಲಿಲ್ಲ. ಬಲಕ್ಕೆ ನೋಡಿದ. ಮತ್ತೆ ಟ್ಯಾಂಕಿನತ್ತ ತಿರುಗಿದ. ನಾನಿಲ್ಲದ್ದನ್ನು ಖಚಿತ ಮಾಡಿಕೊಳ್ಳುತ್ತಿದ್ದಾನೆ ಅನ್ನಿಸಿತು. ನನ್ನ ಹಿಂದೆ ಸಾಲಿನಲ್ಲಿದ್ದವರೆಲ್ಲ ಗಂಟೆ ಸಣ್ಣಗಾದದ್ದನ್ನು ಕೇಳಿದರು, ಎಲ್ಲರೂ ಅವನ ಬೆನ್ನನ್ನೇ ನೋಡಿದರು. ಯಾರೂ ಬಾಯಿ ಬಿಡಲಿಲ್ಲ. ನಾವು ಸುಮ್ಮನಿರುವುದೇ ಅವನಿಗೆ ಕೇಳಲಿ ಎಂದಲ್ಲವೇ?

ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಗಂಟೆ ನಿಂತೇಹೋಯಿತು.

"ಓಬಳೇಶಾ, ಗಂಟೆ!" ಎಂದು ಕೂಗಿದೆ. ದಾರಿಯಲ್ಲಿ ಕೂಗಿದ್ದು ಅದೇ ಮೊದಲು. ಅವನ ಬೆನ್ನು ಅಲ್ಲಾಡಲಿಲ್ಲ. ಮತ್ತೆ ಕೂಗಿದೆ, ಗಂಟಲು ಹರಿಯುವ ಹಾಗೆ. ಗಾಡಿ ಐದರಲ್ಲೇ ಹೋಗುತ್ತಿತ್ತು. ಓಡಿಹೋಗಿ ಅವನ ಅಂಗಿ ಹಿಡಿದು ಎಳೆದೆ. ಹೊಡೆಯಬೇಕೆಂದೇ ಕೈ ಎತ್ತಿದ್ದೆ. ಅವನು ನನ್ನ ಮುಖ ನೋಡಿದ, ಮತ್ತೆ ನನ್ನ ತುಟಿ ನೋಡಿದ.

"ಗಂಟೆ ನಿಂತಿದೆಯಾ?" ಎಂದು ಕೇಳಿದ. "ಎಷ್ಟೊತ್ತಾಯ್ತು ಅಣ್ಣ?"

ಆ ಪ್ರಶ್ನೆ ಕೇಳಿ ನನ್ನ ಎತ್ತಿದ ಕೈ ಹಾಗೇ ಉಳಿಯಿತು. ಗಾಡಿ ನಿಲ್ಲಿಸಿ ಅವನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹಿಂದೆ ತಿರುಗಿ ನೋಡಿದ. ಸಾಲು ಇತ್ತು, ಸಾಲಿನ ಆಚೆ ದೂರದಲ್ಲಿ ಹುಲ್ಲು ಗೋಡೆಯ ಹಾಗೆ ಏಳುತ್ತಿತ್ತು.

"ನನಗೆ ಕೇಳಲ್ಲ ಅಣ್ಣ. ಒಂದು ವರ್ಷ ಆಯ್ತು. ಎಂಜಿನ್ ಮೇಲೆ ಕೂತೂ ಕೂತೂ ಹೋಯ್ತು. ಪಕ್ಕದಲ್ಲಿ ನಿಮ್ಮ ಮುಖ ನೋಡಿ ಓಡಿಸ್ತಿದ್ದೆ. ಗಂಟೆ ಸಣ್ಣಗಾದ್ರೆ ನೀವು ಹುಬ್ಬು ಗಂಟಿಕ್ತೀರಿ."

ಗಂಟೆ ಕೇಳದವನ ಕೈಗೆ ಗಾಡಿ ಕೊಡಬಾರದು ಎಂಬುದು ಪಂಚಾಯಿತಿ ನಿಯಮ. ಪ್ರತಿ ವರ್ಷ ಅದನ್ನು ಹಲಗೆಯ ಮೇಲೆ ಹೊಸದಾಗಿ ಬರೆಯುತ್ತಿದ್ದವನು ನಾನೇ. ರೇಡಿಯೋ, ಅಲಾರಂ, ಹಾರ್ಮೋನಿಯಂ ಮೂರೂ ಮನೆಯಿಂದ ಹೋದದ್ದು ಯಾಕೆಂದು ಆಗ ಹೊಳೆಯಿತು. ಹಿಂದಕ್ಕೆ ಮುಖ ಮಾಡಿದ ಆ ಸೀಟು ಬಾಲಗಂಟೆಯವರಿಗೆ. ಸಾಲು ಹಿಂದೆ ಬಿದ್ದರೆ ಅವರು ಅವನ ಬೆನ್ನು ತಟ್ಟಬೇಕಿತ್ತು, ಅಷ್ಟೇ.

"ರೈಲು?" ಎಂದರು ಯಾರೋ ಹಿಂದಿನಿಂದ. "ಒಬ್ಬರಿಗೋಸ್ಕರ ಮೂವತ್ತು ಜನ ನಿಲ್ಲೋದಾ?"

"ನಿಲ್ರಿ!" ಎಂದು ಮಾಬೂಸಾಬರು ಗದರಿದರು. "ಕುಡುಗೋಲು ತೆಗೀರಿ. ಗುಂಪಾಗಿ ನಿಂತು ತುಳೀರಿ. ಒಂದಷ್ಟು ಹೊತ್ತು ಹುಲ್ಲು ತಡೆಯತ್ತೆ."

ಓಬಳೇಶ ಗಾಡಿ ತಿರುಗಿಸಿದ. ನಾನು ಕುಡುಗೋಲಿನಿಂದ ತಂತಿ ಕತ್ತರಿಸಿದೆ, ನಾಲ್ಕು ಸುತ್ತೂ. ಸೀಟು ಕಿತ್ತ ಜಾಗದಲ್ಲಿ ಎರಡು ಬೋಲ್ಟಿನ ತುದಿಗಳಿದ್ದವು. ಅವುಗಳ ನಡುವೆ ಕಾಲಿಟ್ಟು ಅವನ ಹೆಗಲು ಹಿಡಿದು ನಿಂತೆ. ಅವನು ಲಿವರನ್ನು ಎರಡನೇ ಹಲ್ಲಿಗೆ ಎಳೆದ.

ಹನ್ನೆರಡು ಅಂದರೆ ಏನೆಂದು ನನಗೆ ಅಲ್ಲಿಯವರೆಗೆ ಲೆಕ್ಕದಲ್ಲಷ್ಟೇ ಗೊತ್ತಿತ್ತು. ನನ್ನ ಬಾಯಲ್ಲಿ ಹಲ್ಲು ಹಲ್ಲು ಕುಟ್ಟಿದವು. ಮೂರೂವರೆ ನಿಮಿಷಕ್ಕೆ ಏಳುನೂರು ಮೀಟರ್ ಹಿಂದೆ ಬಂದೆವು. ಅಲ್ಲಿ ಎಲ್ಲೆಲ್ಲೂ ಒಂದೇ ಹಸಿರು, ದಾರಿ ಎಂಬುದೇ ಇಲ್ಲ. ಅವನು ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ. ತಿರುಗಿ ನನ್ನ ಮುಖ ನೋಡುತ್ತ ಕೂತ. ನಾನು ಕಣ್ಣು ಮುಚ್ಚಿ ಕೇಳಿದೆ. ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಬಲಗಡೆ ಒಂದು ಸಲ, ನೀರಿನಲ್ಲಿ ಮುಳುಗಿಸಿ ಬಾರಿಸಿದ ಹಾಗೆ, ಠಣ್ ಎಂದಿತು. ಅವನ ಬಲಹೆಗಲು ತಟ್ಟಿದೆ. ಎಂಜಿನ್ ಹೊತ್ತಿಸಿ ಬಲಕ್ಕೆ ನುಗ್ಗಿದ. ಮತ್ತೆ ನಿಲ್ಲಿಸಿದ, ಮತ್ತೆ ಕೇಳಿದೆ. ಎಡಹೆಗಲು ತಟ್ಟಿದೆ.

ನೀಲಮ್ಮ ಹುಲ್ಲಿನ ನಡುವೆ ನೆಟ್ಟಗೆ ನಿಂತಿದ್ದಳು. ಎರಡೂ ಕೈಯಲ್ಲಿ ಗಂಟೆ, ಹೆಗಲಲ್ಲಿ ರೊಟ್ಟಿಯ ಗಂಟು.

"ಎಡವಿ ಬಿದ್ದೆ ಕಣ್ರಿ" ಅಂದಳು. "ಗಂಟೆ ಹುಡುಕೋಕೇ ಹೊತ್ತು ಹೋಯ್ತು."

ಇಬ್ಬರೂ ಹಿಂದೆ ಹತ್ತಿದೆವು. ಗಾಡಿಯ ಮುಂದಿನ ಚಕ್ರಗಳು ನೆಲ ಬಿಟ್ಟು ಎದ್ದವು. ಬ್ಲೇಡು ಗಾಳಿಯಲ್ಲಿ ತಿರುಗಿತು. ನಾನು ಮುಂದೆ ಹೋಗಿ ಎಂಜಿನ್ ಮೇಲೆ ಕೂರಲು ನೋಡಿದೆ, ಸುಟ್ಟಿತು. ಸೀಟು ಇದ್ದಿದ್ದರೆ ಅವಳು ಅವನ ಬೆನ್ನಿಗೆ ಒತ್ತಿ ಕೂರುತ್ತಿದ್ದಳು, ಭಾರ ನಡುವೆ ಬೀಳುತ್ತಿತ್ತು, ನಾನು ಹೇಗೋ ಪಕ್ಕಕ್ಕೆ ಜೋತು ಬೀಳಬಹುದಿತ್ತು. ಸೀಟು ಪಂಚಾಯಿತಿ ಕೋಣೆಯಲ್ಲಿತ್ತು. ನಾನು ಇಳಿದು ನಿಂತೆ.

"ಏನ್ರೀ ಇದು? ಹತ್ರಿ!"

"ಗಾಡಿ ಮೂರು ಜನ ಹೊರಲ್ಲ. ನಾಳೆ ಶಿಬಿರ. ಅವನ ಬೆನ್ನು ತಟ್ಟೋದು ನಿನ್ನ ಕೆಲಸ. ಸಾಲು ಹಿಂದೆ ಬಿದ್ರೆ ಒಂದು ಸಲ, ಪೂರ್ತಿ ನಿಲ್ಲಿಸಬೇಕಾದ್ರೆ ಎರಡು ಸಲ."

ಅವಳು ಏನೋ ಬೈಯಬೇಕೆಂದು ಬಾಯಿ ತೆರೆದಳು. ಆಮೇಲೆ ಹೆಗಲಿನ ಗಂಟು ಬಿಚ್ಚಿ ನನ್ನ ಕೈಗೆ ಹಾಕಿದಳು. "ಚಟ್ನಿಪುಡಿ ಕೆಳಗಿದೆ" ಅಂದಳು.

ಓಬಳೇಶ ನನ್ನನ್ನೇ ನೋಡುತ್ತಿದ್ದ. ಅವನಿಗೆ ಕಾಣುವ ಹಾಗೆ ತುಟಿ ಬಿಚ್ಚಿ ನಿಧಾನವಾಗಿ ಹೇಳಿದೆ: "ಹನ್ನೆರಡರಲ್ಲೇ ಹೋಗು."

ಗಡಿಯಾರ ನೋಡಿದೆ. ಒಂಬತ್ತು ಹನ್ನೆರಡು. ಗಂಟೆಯ ಸದ್ದು ದೂರವಾಗುತ್ತ ಹೋಯಿತು. ಎರಡು ನಿಮಿಷಕ್ಕೆ ಹುಲ್ಲು ಎದೆಗೆ ಬಂತು, ಆಮೇಲೆ ಕಣ್ಣಿಗೆ ಬಂತು. ಒಳಗೆ ಹೇಗಿರುತ್ತದೆ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಬರೆಯುವಂಥದ್ದು ಏನೂ ಇಲ್ಲ. ರೊಟ್ಟಿ ಸರಿಯಾಗಿ ಸಾಕಾಯಿತು.

ಭಾನುವಾರ ಬೆಳಿಗ್ಗೆ ಕೆರೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು, "ಮಹಾಬಲಣ್ಣ ಬಂದ್ರು" ಎಂದು ಒಗೆಯುವುದನ್ನು ಮುಂದುವರಿಸಿದರು. ಮನೆಗೆ ಹೋಗದೆ ನೇರವಾಗಿ ಹಲಗೆಯ ಹತ್ತಿರ ಹೋದೆ. ಗುರುವಾರದ ವರದಿಯನ್ನು ಮಾಬೂಸಾಬರು ತಮ್ಮ ಗೀಚು ಅಕ್ಷರದಲ್ಲಿ ಬರೆದಿದ್ದರು: "ಹೊರಟಿದ್ದು 8:00. ಮುಟ್ಟಿದ್ದು 10:01. ಹೊರಟವರು 31. ಮುಟ್ಟಿದವರು 30. ನೀಲಮ್ಮ ರೈಲು ಹತ್ತಿದರು. ಮಹಾಬಲಣ್ಣ ಹುಲ್ಲಲ್ಲಿ." ಒಂದು ತಪ್ಪೂ ಇರಲಿಲ್ಲ.

ಅದರ ಮೇಲ್ಗಡೆ, ದೊಡ್ಡ ಅಕ್ಷರದಲ್ಲಿ, ನನ್ನ ಸೋಮವಾರದ ಸಾಲು ಹಾಗೇ ಇತ್ತು. ಯಾರೂ ಅಳಿಸಿರಲಿಲ್ಲ.

ಪಂಚಾಯಿತಿ ಕೋಣೆಯ ಮುಂದೆ ಓಬಳೇಶ ಸೀಟನ್ನು ಮತ್ತೆ ಗಾಡಿಗೆ ಬಿಗಿಯುತ್ತಿದ್ದ. ಶಾಂತವೀರಮ್ಮ ಸ್ಪ್ಯಾನರ್ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಅವನಿಗೆ ನನ್ನ ಹೆಜ್ಜೆ ಕೇಳಲಿಲ್ಲ. ನಾನು ಸುತ್ತಿ ಹೋಗಿ ಎದುರಿಗೆ ನಿಂತೆ. ಅವನು ತಲೆ ಎತ್ತಿ ನನ್ನ ಕೂದಲಿನಿಂದ ಒಂದು ಹುಲ್ಲಿನ ಬೀಜ ತೆಗೆದು ಕೆಳಗೆ ಹಾಕಿದ.

"ಅಕ್ಕ ಎರಡೇ ಸಲ ಬೆನ್ನು ತಟ್ಟಿದ್ರು. ಜೋರಾಗಿ ತಟ್ತಾರೆ" ಅಂದ.

ಪತ್ರಿಕೆಯಲ್ಲಿದ್ದಾಗ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಹಾಕುತ್ತಿದ್ದೆವು. ಹಲಗೆಗೆ ಒಳಪುಟವಿಲ್ಲ. ಸೀಮೆಸುಣ್ಣ ತೆಗೆದುಕೊಂಡು, ನನ್ನ ಪ್ರಶ್ನೆಯ ಕೆಳಗೆ ಅದೇ ಅಳತೆಯ ಅಕ್ಷರದಲ್ಲಿ ಬರೆದೆ: "ಹಿಂದಕ್ಕೆ ಬರಲು."